42.34 ಮೀಟರ್ ಹುಡುಕಿಕೊಂಡು ಮುಂಬೈಗೆ

"ರೇಡಿಯೋ ಸ್ಟೇಷನ್ ನೋಡೋಕೆ ಹೋಗ್ತಿದೀನಿ" ಅಂದೆ. "ಅದು ಚರ್ಚ್‌ಗೇಟ್ ಹತ್ರ ಅಲ್ವಾ?" ಅಂದರು ಡೊಂಬಿವಲಿಯ ಚಿಕ್ಕಮ್ಮ. "ಆಕಾಶವಾಣಿ ಅಲ್ಲ ಚಿಕ್ಕಮ್ಮ, ಕಾಂಗ್ರೆಸ್ ರೇಡಿಯೋ ಅಂತ, ಸ್ವಾತಂತ್ರ್ಯ ಹೋರಾಟದ ಕಳ್ಳ ರೇಡಿಯೋ. 1942ರದ್ದು." "ಇನ್ನೂ ಇದೆಯಾ?" "ಇಲ್ಲ." "ಮತ್ತೆ ಏನ್ ನೋಡ್ತೀಯ?" ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಡಬ್ಬಿಗೆ ಎರಡು ಚಪಾತಿ ಹಾಕಿಸಿಕೊಂಡು ಹೊರಟೆ.

ದಾದರ್‌ನಲ್ಲಿ ಗಾಡಿ ಬದಲಿಸಿ ಗ್ರ್ಯಾಂಟ್ ರೋಡ್‌ನಲ್ಲಿ ಇಳಿದೆ. ಆಗಸ್ಟ್ ತಿಂಗಳು. ಮಳೆ ಬಂದು ಹೋಗಿ ಮಾಡುತ್ತಿತ್ತು. ಮೊದಲು ಆಗಸ್ಟ್ ಕ್ರಾಂತಿ ಮೈದಾನ. ಹಳೆ ಹೆಸರು ಗೋವಾಲಿಯಾ ಟ್ಯಾಂಕ್, ಅಂದ್ರೆ ದನ ಕಾಯುವವರು ದನ ತೊಳೆಯುತ್ತಿದ್ದ ಕೆರೆ. ಈಗ ಕೆರೆಯೂ ಇಲ್ಲ, ದನವೂ ಇಲ್ಲ. ಕೆಸರಿನಲ್ಲೇ ಹುಡುಗರು ಕ್ರಿಕೆಟ್ ಆಡುತ್ತಿದ್ದರು. 1942ರ ಆಗಸ್ಟ್ 8ರ ರಾತ್ರಿ ಗಾಂಧೀಜಿ "ಮಾಡು ಇಲ್ಲವೇ ಮಡಿ" ಅಂದದ್ದು ಇಲ್ಲೇ. ಬೆಳಗಾಗುವಷ್ಟರಲ್ಲಿ ಅವರನ್ನೂ ದೊಡ್ಡ ನಾಯಕರನ್ನೂ ಹಿಡಿದು ಒಯ್ದಿದ್ದರು. ಪತ್ರಿಕೆಗಳ ಬಾಯಿಗೆ ಬೀಗ. ಇದ್ದ ರೇಡಿಯೋ ಸರ್ಕಾರದ್ದು.

ಅದು ಯುದ್ಧದ ಕಾಲ. ಜಪಾನೀಯರು ಆಗಲೇ ರಂಗೂನ್ ಹಿಡಿದಿದ್ದರು. ಬರ್ಲಿನ್‌ನಿಂದ ಸುಭಾಷರ ದನಿ ಬರುತ್ತಿತ್ತು. ಹವ್ಯಾಸಕ್ಕೆ ರೇಡಿಯೋ ನಡೆಸುತ್ತಿದ್ದ ಹ್ಯಾಮ್‌ಗಳ ಲೈಸೆನ್ಸನ್ನು ಯುದ್ಧ ಶುರುವಾದಾಗಲೇ ರದ್ದು ಮಾಡಿ, ಯಂತ್ರಗಳನ್ನು ಒಪ್ಪಿಸಿ ಅಂದಿದ್ದರು. ನಾನೂ ಹ್ಯಾಮ್ ಹುಚ್ಚಿನವನೇ. ಮನೆಯ ಟ್ರಾನ್ಸ್‌ಮಿಟರನ್ನು ಠಾಣೆಗೆ ಕೊಟ್ಟು ಬರೋದು ಅಂದ್ರೆ ಹೊಟ್ಟೆ ಉರಿಯುತ್ತೆ.

ಅಂಥ ಹೊತ್ತಿನಲ್ಲಿ 22 ವರ್ಷದ ಉಷಾ ಮೆಹ್ತಾ ಓದು ಬಿಟ್ಟು ರೇಡಿಯೋಗೆ ಇಳಿದರು. ಅಪ್ಪ ಬ್ರಿಟಿಷರ ಕೈಕೆಳಗೆ ನ್ಯಾಯಾಧೀಶರಾಗಿದ್ದವರು! ಜತೆಗೆ ಬಾಬುಭಾಯಿ ಖಾಕರ್, ವಿಠಲದಾಸ್ ಝವೇರಿ, ಚಂದ್ರಕಾಂತ್ ಝವೇರಿ. ಶಿಕಾಗೋ ರೇಡಿಯೋ ಕಂಪನಿಯ ನಾನಕ್ ಮೋಟ್ವಾನೆ ಉಪಕರಣ ಕೊಟ್ಟರು. ರಾಮಮನೋಹರ ಲೋಹಿಯಾ ಭಾಷಣ ಕೊಟ್ಟರು. ಟ್ರಾನ್ಸ್‌ಮಿಟರ್ ಕಟ್ಟಿದವರು ನರಿಮನ್ ಪ್ರಿಂಟರ್. ಪ್ರಿಂಟರ್ ಅವರ ಮನೆತನದ ಹೆಸರು, ಪಾರ್ಸಿಗಳಲ್ಲಿ ಹಾಗೇ. ಆಗಸ್ಟ್ 27ಕ್ಕೆ ಮೊದಲ ದನಿ ಬಂತು: ಇದು ಕಾಂಗ್ರೆಸ್ ರೇಡಿಯೋ, 42.34 ಮೀಟರ್‌ನಲ್ಲಿ, ಭಾರತದ ಎಲ್ಲೋ ಒಂದು ಕಡೆಯಿಂದ.

ಈ "ಎಲ್ಲೋ ಒಂದು ಕಡೆ"ಗಾಗಿಯೇ ನಾನು ಬಂದದ್ದು.

ದಾರಿಯಲ್ಲಿ ಮಣಿ ಭವನ ಹೊಕ್ಕು ಬಂದೆ. ಗಾಂಧಿಯವರ ಚರಕ, ಹಾಸಿಗೆ, ಕೆಳಗೆ ತಣ್ಣನೆಯ ಲೈಬ್ರರಿ. ಅಲ್ಲಿಂದ ನಡೆದರೆ ಚೌಪಾಟಿ. ಎದುರಿಗೇ ವಿಲ್ಸನ್ ಕಾಲೇಜು, ಉಷಾ ಓದಿದ್ದು ಅಲ್ಲಿ. ಮೊದಲ ಪ್ರಸಾರ ಆದದ್ದು ಇದೇ ಚೌಪಾಟಿಯ 'ಸೀ ವ್ಯೂ' ಅನ್ನೋ ಕಟ್ಟಡದ ಮೇಲಿನ ಮಹಡಿಯಿಂದ. ಭೇಲ್ ಮಾರುವವನನ್ನು ಕೇಳಿದೆ, ವಾಚ್‌ಮನ್‌ಗಳನ್ನು ಕೇಳಿದೆ. ಒಬ್ಬ ನನ್ನನ್ನು ಬಾಡಿಗೆ ಮನೆ ಹುಡುಕುವವನು ಅಂದುಕೊಂಡು ಬ್ರೋಕರ್ ನಂಬರ್ ಕೊಟ್ಟ. ತೋರಿಸುವವರು ಸಿಗಲಿಲ್ಲ. ಬೇಜಾರೇನೂ ಆಗಲಿಲ್ಲ. ಸಿಗಬಾರದು ಅಂತಲೇ ತಾನೇ ಅವರು ಆ ಜಾಗಗಳಲ್ಲಿ ಇದ್ದದ್ದು?

ಅದರ ಕಷ್ಟ ನಮ್ಮಂಥವರಿಗೆ ಜಾಸ್ತಿ ಅರ್ಥವಾಗುತ್ತದೆ. ಪ್ರಸಾರ ಅಂದ್ರೆ ಕತ್ತಲಲ್ಲಿ ದೀಪ ಹಚ್ಚಿದ ಹಾಗೆ. ಕೇಳುವವರಿಗೆ ಕಾಣಿಸಿದಷ್ಟೇ ಪೊಲೀಸರಿಗೂ ಕಾಣುತ್ತೆ. ದಿಕ್ಕು ತೋರುವ ಆಂಟೆನಾ ಇಟ್ಟುಕೊಂಡು ಎರಡು ಕಡೆಯಿಂದ ಅಳೆದು, ನಕ್ಷೆಯ ಮೇಲೆ ಎರಡು ಗೆರೆ ಎಳೆದರೆ ಮುಗೀತು. ಗೆರೆ ಕೂಡುವಲ್ಲಿ ಕಳ್ಳ ಇದ್ದಾನೆ. ಪೊಲೀಸರ ವ್ಯಾನು ಇದಕ್ಕೇ ಸುತ್ತುತ್ತಿತ್ತು. ಹಾಗಾಗಿ ಇವರು ಧ್ವನಿಮುದ್ರಣ ಒಂದು ಕಡೆ, ಪ್ರಸಾರ ಇನ್ನೊಂದು ಕಡೆ ಇಟ್ಟುಕೊಂಡರು. ಬಾಡಿಗೆ ಮನೆ ಬದಲಿಸುತ್ತಲೇ ಹೋದರು. ಜಮ್‌ಶೆಡ್‌ಪುರದ ಮುಷ್ಕರ, ಚಿತ್ತಗಾಂಗ್ ಮೇಲೆ ಬಿದ್ದ ಬಾಂಬು, ಮಹಾರಾಷ್ಟ್ರದ ಅಷ್ಟಿ-ಚಿಮೂರಿನಲ್ಲಿ ನಡೆದ ದೌರ್ಜನ್ಯ, ಎಲ್ಲ ಇಲ್ಲಿಂದಲೇ ಊರೂರಿಗೆ ಹೋಯಿತು. ನಮ್ಮ ಶಿಕಾರಿಪುರದ ಈಸೂರು ತಾನೇ ಸ್ವತಂತ್ರ ಅಂತ ಸಾರಿಕೊಂಡದ್ದೂ ಆ ಸೆಪ್ಟೆಂಬರ್‌ನಲ್ಲೇ.

ಮಧ್ಯಾಹ್ನ ಮಹಾಲಕ್ಷ್ಮಿ ದೇವಸ್ಥಾನಕ್ಕೆ ಟ್ಯಾಕ್ಸಿ ಹಿಡಿದೆ. ಕೊನೆಯ ಅಡಗುತಾಣ 'ಪ್ಯಾರಡೈಸ್ ಬಂಗಲೆ' ಇದೇ ಸುತ್ತಿನಲ್ಲಿತ್ತು. ನವೆಂಬರ್ 12. ಮೊದಲು ಸಿಕ್ಕಿಬಿದ್ದದ್ದು ಪ್ರಿಂಟರ್. ಆತನೇ ಪೊಲೀಸರಿಗೆ ದಾರಿ ತೋರಿಸಿದ. ಯಾವ ವ್ಯಾನಿಗೂ ಸಿಗದ ಯಂತ್ರವನ್ನು, ಕಟ್ಟಿದವನೇ ಹಿಡಿದುಕೊಟ್ಟ. ಬಾಗಿಲು ಒಡೆದು ನುಗ್ಗಿದಾಗ ಉಷಾ, ಚಂದ್ರಕಾಂತ್ ಒಳಗೇ ಇದ್ದರು. ವಂದೇ ಮಾತರಂ ಪ್ಲೇಟು ತಿರುಗುತ್ತಿತ್ತು. ನಿಲ್ಲಿಸು ಅಂದರೂ ಉಷಾ ನಿಲ್ಲಿಸಲಿಲ್ಲ. ಉಷಾಗೆ 4 ವರ್ಷ, ಬಾಬುಭಾಯಿಗೆ 5, ಚಂದ್ರಕಾಂತ್‌ಗೆ 1 ವರ್ಷ ಜೈಲು. ಮೋಟ್ವಾನೆ, ವಿಠಲದಾಸ್ ಬಿಡುಗಡೆಯಾದರು. ಮೂರು ತಿಂಗಳೂ ತುಂಬದ ರೇಡಿಯೋ!

ದೇವಸ್ಥಾನದಲ್ಲಿ ತಾವರೆ ಕೊಂಡು ಕ್ಯೂನಲ್ಲಿ ನಿಂತೆ. ಬಂಗಲೆ ಹುಡುಕಲಿಲ್ಲ, ಸುಮ್ನೆ ಸಮುದ್ರ ನೋಡಿದೆ.

ಸಂಜೆ ಮತ್ತೆ ಚೌಪಾಟಿ. 42.34 ಮೀಟರ್ ಅನ್ನೋದು ರೇಡಿಯೋ ಅಲೆಯ ಉದ್ದ; ಆವರ್ತನದ ಲೆಕ್ಕದಲ್ಲಿ ಸುಮಾರು 7080 ಕಿಲೋಹರ್ಟ್ಸ್. ಇವತ್ತು ಅದು ಹ್ಯಾಮ್‌ಗಳ ಜಾಗ, ನಾವು ದಿನಾ ಹರಟೆ ಹೊಡೆಯುವ ಕಟ್ಟೆ. ಚೀಲದಿಂದ ಪುಟ್ಟ ಶಾರ್ಟ್‌ವೇವ್ ಸೆಟ್ ತೆಗೆದು, ಉಪ್ಪುಗಾಳಿಗೆ ಬೆನ್ನು ಮಾಡಿ ಮರಳಿನ ಮೇಲೆ ಕೂತು ಅಲ್ಲಿಗೆ ತಿರುಗಿಸಿದೆ. ಮೊದಲು ಬರೀ ಕರಕರ. ಊರಿನ ಲೈಟುಗಳದ್ದೇ ಗಲಾಟೆ. ಆಮೇಲೆ ಅದರ ನಡುವೆ ಒಬ್ಬರ ದನಿ. ಹಿಂದಿಯಲ್ಲಿ ತಮ್ಮ ಕಡೆಯ ಮಳೆಯ ಸುದ್ದಿ ಹೇಳುತ್ತಿದ್ದರು. ಮಾತು ಮುಗಿಸುವ ಮೊದಲು ನಿಯಮದಂತೆ ತಮ್ಮ ಕಾಲ್ ಸೈನ್, ಅಂದ್ರೆ ಲೈಸೆನ್ಸಿನ ಗುರುತಿನ ಹೆಸರು, ಹೇಳಿದರು. ಆಮೇಲೆ ತಮ್ಮ ಊರಿನ ಹೆಸರನ್ನೂ ಬಿಡಿಬಿಡಿಸಿ, ಎರಡು ಸಲ ಹೇಳಿದರು.