ನಮ್ಮ ವಿಳಾಸದಿಂದ ಬಂದ, ನಾವು ಬರೆಯದ ಪತ್ರ

ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಮುಂದೆ ಹಣವನ್ನು ಹೊಸ ಖಾತೆಗೇ ಹಾಕಿ ಎಂಬ ಇಮೇಲ್ ನಮ್ಮ ಗ್ರಾಹಕರೊಬ್ಬರಿಗೆ ಹೋಗಿತ್ತು. ಅವರು ಅನುಮಾನಪಟ್ಟು ಫೋನ್ ಮಾಡಿದ್ದರಿಂದ ಹಣ ಉಳಿಯಿತು. ಕಳುಹಿಸಿದವರ ಜಾಗದಲ್ಲಿ ನಮ್ಮ ಲೆಕ್ಕಪತ್ರ ವಿಭಾಗದ ವಿಳಾಸವೇ ಇತ್ತು, ಒಂದಕ್ಷರವೂ ಹೆಚ್ಚುಕಡಿಮೆ ಇಲ್ಲದೆ. ಪಾಸ್‌ವರ್ಡ್ ಕಳವಾಗಿರಬಹುದೆಂದು ಎಲ್ಲರೂ ಗಾಬರಿಯಾದರು. ಆದರೆ ಪತ್ರ ಸಾಗಿಬಂದ ದಾರಿ ದಾಖಲಾಗಿರುವ ಹೆಡರ್ ತೆರೆದು ನೋಡಿದರೆ ಆ ಪತ್ರ ನಮ್ಮ ಸರ್ವರ್‌ನ ಹತ್ತಿರವೂ ಸುಳಿದಿರಲಿಲ್ಲ.

ನನ್ನನ್ನು ಕೆರಳಿಸಿದ್ದು ಅದೇ ಹೆಡರ್‌ನ ಇನ್ನೊಂದು ಸಾಲು: ಎಸ್‌ಪಿಎಫ್ ಪರೀಕ್ಷೆಯಲ್ಲಿ ಪತ್ರ ಪಾಸಾಗಿತ್ತು! ಒಂದು ಡೊಮೇನ್ (ವಿಳಾಸದಲ್ಲಿ @ ನಂತರದ ಭಾಗ) ಹೆಸರಿನಲ್ಲಿ ಪತ್ರ ಕಳುಹಿಸಲು ಆ ಸರ್ವರ್‌ಗೆ ಅನುಮತಿ ಇದೆಯೇ ಎಂದು ನೋಡುವ ಪರೀಕ್ಷೆ ಅದು. ಕಾರಣ ಸರಳ. ಎಸ್‌ಪಿಎಫ್ ಪರಿಶೀಲಿಸುವುದು ಸರ್ವರ್‌ಗಳು ತಮ್ಮೊಳಗೆ ಹೇಳಿಕೊಳ್ಳುವ ಹಿಂತಿರುಗುವ ವಿಳಾಸವನ್ನು, ಓದುಗರ ಕಣ್ಣಿಗೆ ಬೀಳುವ ವಿಳಾಸವನ್ನಲ್ಲ. ಲಕೋಟೆಯ ಹೊರಗೆ ವಂಚಕ ತನ್ನದೇ ಡೊಮೇನ್ ಬರೆದು, ಒಳಗಿನ ಕಾಗದದಲ್ಲಿ ನಮ್ಮ ಹೆಸರು ಹಾಕಿದ್ದ. 1982ರಲ್ಲಿ ರೂಪುಗೊಂಡ, ಇಮೇಲ್ ಸಾಗಿಸುವ ನಿಯಮಾವಳಿಯಾದ ಎಸ್‌ಎಂಟಿಪಿ ಕಳುಹಿಸುವವರ ಮಾತನ್ನು ನಂಬಿಬಿಡುತ್ತಿತ್ತು. ಆ ನಂಬಿಕೆಯ ಭಾರ ಇಂದಿಗೂ ನಮ್ಮ ಮೇಲಿದೆ. ಡಿಮಾರ್ಕ್ ಎಂಬ, ಡೊಮೇನ್ ಮಾಲೀಕರು ಪ್ರಕಟಿಸುವ ನೀತಿ ಬೇಕಾಗುವುದು ಇಲ್ಲಿಯೇ. ಎಸ್‌ಪಿಎಫ್ ಅಥವಾ ಡಿಕಿಮ್ ಸಹಿ (ಡೊಮೇನ್ ಹೆಸರಿನಲ್ಲಿ ಪತ್ರಕ್ಕೆ ಹಾಕುವ ಡಿಜಿಟಲ್ ಮುದ್ರೆ), ಎರಡರಲ್ಲಿ ಒಂದಾದರೂ ಪಾಸಾಗಬೇಕು. ಜೊತೆಗೆ ಹಾಗೆ ಪಾಸಾದ ಡೊಮೇನ್ ಓದುಗರಿಗೆ ಕಾಣುವ ಡೊಮೇನ್‌ಗೆ ಹೊಂದಬೇಕು ಎಂದು ಅದು ಪಟ್ಟುಹಿಡಿಯುತ್ತದೆ.

"ಇವತ್ತೇ ರಿಜೆಕ್ಟ್ ಹಾಕಿಬಿಡಿ" ಎಂದು, ಅಂದರೆ ಸೋತ ಪತ್ರಗಳನ್ನು ತಿರಸ್ಕರಿಸುವ ನೀತಿ ಹಾಕಲು ಸಹೋದ್ಯೋಗಿಗಳು ಒತ್ತಾಯಿಸಿದರು. ನಾನು ಒಪ್ಪಲಿಲ್ಲ. ಡೊಮೇನ್‌ಗಳ ಸಾರ್ವಜನಿಕ ದಾಖಲೆಪಟ್ಟಿಯಾದ ಡಿಎನ್‌ಎಸ್‌ನಲ್ಲಿ ಮೊದಲು 'ನನ್' (none, ಸೋತರೂ ತಡೆಯಬೇಡಿ ಎಂಬ) ನೀತಿ ಪ್ರಕಟಿಸಿ, ಪತ್ರ ಸ್ವೀಕರಿಸುವ ಸರ್ವರ್‌ಗಳಿಂದ ವರದಿಗಳು ಬರುವ ವಿಳಾಸ ಕೊಟ್ಟೆ. ಮರುದಿನದಿಂದ ಆ ವರದಿಗಳ ಎಕ್ಸ್‌ಎಂಎಲ್ ಕಡತಗಳು ಬರತೊಡಗಿದವು. ನಮ್ಮ ಹೆಸರಿನಲ್ಲಿ ಯಾರು ಯಾರು ಪತ್ರ ಕಳುಹಿಸುತ್ತಿದ್ದಾರೆ ಎಂಬುದು ನಮಗೇ ಪೂರ್ತಿ ತಿಳಿದಿರಲಿಲ್ಲವೆಂದು ಅವು ತೋರಿಸಿಕೊಟ್ಟವು. ಬಿಲ್ ಕಳುಹಿಸುವ ಹೊರಗಿನ ಸೇವೆ, ಸುದ್ದಿಪತ್ರದ ಸೇವೆ, ಬೇರೊಂದು ಸರ್ವರ್ ಮೂಲಕ ಪತ್ರ ದಾಟಿಸುತ್ತಿದ್ದ ಕಚೇರಿಯ ಹಳೆಯ ಸ್ಕ್ಯಾನರ್, ಇವೆಲ್ಲ ಪರೀಕ್ಷೆಯಲ್ಲಿ ಸೋಲುತ್ತಿದ್ದವು. ಅಂದೇ ರಿಜೆಕ್ಟ್ ಹಾಕಿದ್ದರೆ ವಂಚಕನ ಜೊತೆ ನಮ್ಮ ಬಿಲ್‌ಗಳೂ ಬಾಗಿಲಲ್ಲೇ ತಿರಸ್ಕೃತವಾಗುತ್ತಿದ್ದವು.

ಒಂದೊಂದು ಸೇವೆಗೂ ನಮ್ಮ ಡೊಮೇನ್ ಹೆಸರಿನಲ್ಲೇ ಡಿಕಿಮ್ ಸಹಿ ಹಾಕಿಸಿದೆ. ಎಸ್‌ಪಿಎಫ್ ದಾಖಲೆಗೆ ಗರಿಷ್ಠ 10 ಡಿಎನ್‌ಎಸ್ ಹುಡುಕಾಟಗಳ ಮಿತಿ ಇರುವುದರಿಂದ, ಎಂದೋ ಬಿಟ್ಟ ಸೇವೆಗಳನ್ನು ಅದರಿಂದ ಕಿತ್ತುಹಾಕಿದೆ. ಇನ್ನೊಬ್ಬರು ಫಾರ್ವರ್ಡ್ ಮಾಡಿದ ಪತ್ರಗಳಲ್ಲಿ ಎಸ್‌ಪಿಎಫ್ ಮುರಿಯುತ್ತಿತ್ತು. ಪತ್ರದ ಒಡಲು ಬದಲಾಗದಿದ್ದರೆ ಡಿಕಿಮ್ ಸಹಿ ಮಾತ್ರ ಉಳಿಯುತ್ತಿತ್ತು. ಸ್ಕ್ಯಾನರನ್ನು ನಮ್ಮದೇ ಸರ್ವರ್‌ಗೆ ಜೋಡಿಸಿದೆವು.

ಬಳಿಕ ಕ್ವಾರಂಟೈನ್ (ಸೋತ ಪತ್ರಗಳನ್ನು ಸ್ಪ್ಯಾಮ್‌ಗೆ ತಳ್ಳುವ ನೀತಿ), ಕೊನೆಗೆ ರಿಜೆಕ್ಟ್. ಹೆಚ್ಚು ಪತ್ರ ಕಳುಹಿಸುವವರಿಗೆ ಗೂಗಲ್, ಯಾಹೂ 2024ರ ಫೆಬ್ರವರಿಯಿಂದ ಡಿಮಾರ್ಕ್ ಕಡ್ಡಾಯ ಮಾಡಿವೆ. ಆದರೆ ಆ ನಿಯಮಕ್ಕೆ 'ನನ್' ಸಾಕಾಗುವುದರಿಂದ ಅನೇಕರು ಅಲ್ಲಿಗೇ ನಿಲ್ಲುತ್ತಾರೆ. ಇದು ನನಗೆ ತೀರಾ ಬೇಸರದ ಸಂಗತಿ, ಏಕೆಂದರೆ 'ನನ್' ವರದಿ ತರಿಸುತ್ತದೆಯೇ ಹೊರತು ಒಂದು ಸುಳ್ಳು ಪತ್ರವನ್ನೂ ತಡೆಯುವುದಿಲ್ಲ.

ಇಮೇಲ್‌ಗೆ ಬಳಸದೆ ಇಟ್ಟುಕೊಂಡಿದ್ದ ಡೊಮೇನ್‌ಗಳಿಗೂ ರಿಜೆಕ್ಟ್ ಹಾಕಿದ್ದೇವೆ. ಒಂದಕ್ಷರ ಬದಲಿಸಿದ ಹೊಸ ಡೊಮೇನನ್ನು ಯಾರಾದರೂ ಕೊಂಡರೆ ಅದರ ಮುಂದೆ ಡಿಮಾರ್ಕ್ ಅಸಹಾಯಕ. ಹಾಗಾಗಿ ಖಾತೆ ಬದಲಾವಣೆಯನ್ನು ಇಮೇಲ್ ಮೂಲಕ ಎಂದೂ ತಿಳಿಸುವುದಿಲ್ಲ, ಅಂಥ ಪತ್ರ ಬಂದರೆ ಮೊದಲೇ ಗೊತ್ತಿರುವ ಸಂಖ್ಯೆಗೆ ಕರೆ ಮಾಡಿ ಎಂಬ ಸೂಚನೆಯನ್ನು ಈಗ ಪ್ರತಿ ಬಿಲ್‌ನಲ್ಲೂ ಮುದ್ರಿಸುತ್ತೇವೆ.