ದೊಡ್ಡ ಹೊಟ್ಟೆ ಚರ್ಮ

2019ರ ಜುಲೈನಲ್ಲಿ ಕಂಪನಿಯೋರು ನನ್ನನ್ನ ಎರಡು ತಿಂಗಳಿಗೆ ಅಂತ ಚೀನಾದ ಚೊಂಗ್‌ಚಿಂಗ್‌ಗೆ ಹಾಕಿದ್ರು, ಲ್ಯಾಪ್‌ಟಾಪ್ ಫ್ಯಾಕ್ಟರಿಲಿ ಕ್ವಾಲಿಟಿ ಚೆಕ್ ಕೆಲಸ. ವುಹಾನ್, ನಾನ್‌ಜಿಂಗ್ ಜೊತೆ ಈ ಊರನ್ನೂ ಸೇರಿಸಿ ಅಲ್ಲಿನೋರು "ಮೂರು ಒಲೆ" ಅಂತ ಕರೀತಾರೆ, ಯಾಕೆ ಅಂತ ಏರ್‌ಪೋರ್ಟಿಂದ ಹೊರಗೆ ಕಾಲಿಟ್ಟ ಕೂಡ್ಲೇ ಗೊತ್ತಾಯ್ತು. ನಾನು ತೀರ್ಥಹಳ್ಳಿ ಕಡೆಯೋನು, ಥಂಡಿ ತೇವ ಎಲ್ಲ ಹುಟ್ಟಿದಾಗಿಂದ ನೋಡಿದ್ದೇ, ಆದ್ರೆ ನಮ್ಮ ತೇವದಲ್ಲಿ ಕಂಬಳಿ ಹೊದ್ಕೊಂಡು ಬೆಚ್ಚಗೆ ಕೂರ್ಬೋದು, ಅಲ್ಲಿಂದು ಇಡ್ಲಿ ಪಾತ್ರೆ ಒಳಗೆ ಕೂತ ಹಾಗೆ.

ಊಟದ ಕಷ್ಟ ಬೇರೆ. ನಾನು ಸಸ್ಯಾಹಾರಿ. "ವೋ ಛಿ ಸು", ಅಂದ್ರೆ ನಾನು ತರಕಾರಿ ತಿನ್ನೋನು, ಇದೊಂದನ್ನ ಬಾಯಿಪಾಠ ಮಾಡ್ಕೊಂಡು ಹೋಗಿದ್ದೆ. ಅಲ್ಲಿನ ಫೇಮಸ್ ಹಾಟ್‌ಪಾಟಿನ ಕೆಂಪು ಸಾರು ದನದ ಕೊಬ್ಬಿಂದ ಮಾಡೋದು ಅಂತ ಪುಣ್ಯಕ್ಕೆ ಮೊದಲೇ ಯಾರೋ ಹೇಳಿದ್ರು, ಹಾಗಾಗಿ ನೂಡಲ್ಸು, ತೋಫು, ಬದನೆಕಾಯಲ್ಲೇ ದಿನ ದೂಡ್ತಿದ್ದೆ. ಒಂದು ಸಂಜೆ ಮಾಂಸ ಹಾಕ್ಬೇಡಿ ಅಂತ ನಾಕು ಸಲ ಹೇಳಿ ಶಿಯಾವ್‌ಮ್ಯೆನ್ ಅನ್ನೋ ಖಾರದ ನೂಡಲ್ಸ್ ತಿಂದೆ. ಅದರಲ್ಲಿ ಸಿಚುವಾನ್ ಮೆಣಸು, ನಮ್ಮ ಜುಮ್ಮನಕಾಯಿಯ ಅಣ್ಣ ಅನ್ನಿ, ನಾಲಿಗೆ ಜುಮ್ ಅಂತ ಸತ್ತೇ ಹೋಯ್ತು. ಉರಿ ಆರ್ಸೋಕೆ ಬಿಂಗ್‌ಫೆನ್ ಅಂತ ಬೆಲ್ಲದ ಪಾಕ ಹಾಕಿದ ಐಸ್ ಜೆಲ್ಲಿ ಎರಡು ಬೌಲ್, ಆಮೇಲೆ ರೂಮಿಗೆ ಬಂದು ಎಸಿ 18ಕ್ಕಿಟ್ಟು ಅಂಗಿ ಬಿಚ್ಚಿ ಮಲಗಿದೆ. ರಾತ್ರಿ 2 ಗಂಟೆಗೆ ಶುರುವಾಯ್ತು ನೋಡಿ. ವಿವರ ಬೇಡ, ಬೆಳಗಾಗೋ ಹೊತ್ತಿಗೆ ಬಾತ್‌ರೂಮಿನ ಟೈಲ್ಸ್ ಎಷ್ಟಿದೆ ಅಂತ ಎಣಿಸಿ ಮುಗ್ಸಿದ್ದೆ ಅಂದ್ರೆ ಸಾಕು.

ಫ್ಯಾಕ್ಟರಿಗೆ ಬರಲ್ಲ ಅಂತ ಮೆಸೇಜ್ ಹಾಕಿದ್ದಕ್ಕೆ ನಮ್ಮ ಟೀಮಿನ ಹುಡುಗಿ ಮೆಡಿಕಲ್ ಶಾಪಿಂದ ಒಂದು ಡಬ್ಬಿ ತಂದು ಕೊಟ್ಲು. ಹ್ವೋಶ್ಯಾಂಗ್ ಝೆಂಗ್‌ಚಿ ಶ್ವೇ. ಅಲ್ಲಿ ಬೇಸಿಗೆ ಬಂತು ಅಂದ್ರೆ ಮನೆಮನೆಲೂ ಇಟ್ಕೊಳ್ಳೋ ಔಷಧಿ ಅಂತೆ. ಮೂಲ ಸೂತ್ರ ಸುಮಾರು 900 ವರ್ಷದ ಹಿಂದಿಂದು, ಸಾಂಗ್ ವಂಶದ ಕಾಲದಲ್ಲಿ ಸರ್ಕಾರಿ ಔಷಧಾಲಯದೋರು ಮಾಡಿಸಿದ ಪುಸ್ತಕದಲ್ಲಿದೆ, ಆಗ ಪುಡಿ ರೂಪದಲ್ಲಿತ್ತು. ಅವಳ ಪ್ರಕಾರ ನನ್ನ ಕಾಯಿಲೆ ಸಿಂಪಲ್ಲು, ಹೊರಗೆ ಸೆಕೆ, ಒಳಗೆ ಐಸು, ಮೇಲಿಂದ ಎಸಿ ಗಾಳಿ, ಹೊಟ್ಟೆಲಿ "ಶಿ" ಕೂತಿದೆ, ಅಂದ್ರೆ ಒದ್ದೆ. ನಮ್ಮಜ್ಜಿ ಇದ್ದಿದ್ರೆ "ಹೊಟ್ಟೆಗೆ ಶೀತ ಆಯ್ದು" ಅಂತ ಓಂಕಾಳು ಕಷಾಯ ಮಾಡ್ತಿದ್ಲು, ಹೆಚ್ಚುಕಮ್ಮಿ ಅದೇ ಮಾತು.

ಡಬ್ಬಿ ಒಳಗೆ ಹೆಬ್ಬೆರಳಷ್ಟು ದಪ್ಪದ 10 ಕಂದು ಗಾಜಿನ ಬಾಟ್ಲಿ, ಒಂದೊಂದರಲ್ಲಿ 10 ಎಂಎಲ್, ಜೊತೆಗೆ ಸಣ್ಣ ಸ್ಟ್ರಾ. ಸ್ಟ್ರಾ ಚುಚ್ಚಿ ಒಂದು ಎಳೆದೆ ಅಷ್ಟೇ, ಕಣ್ಣಲ್ಲಿ ನೀರು ಬಂತು. ದೇವರಮನೇಲಿ ಯಾರೋ ಸಾರಾಯಿ ಚೆಲ್ಲಿದ ಹಾಗೆ! ಉತ್ಪ್ರೇಕ್ಷೆ ಅಲ್ಲ ಮಾರಾಯ್ರೆ, ಹ್ವೋಶ್ಯಾಂಗ್ ಅಂದ್ರೆ ಪಚೋಲಿ, ಊದುಬತ್ತಿಗೆ ಹಾಕ್ತಾರಲ್ಲ ಅದೇ ವಾಸನೆ, ಇನ್ನು ಅದರಲ್ಲಿ ಆಲ್ಕೋಹಾಲು ಶೇಕಡ 40ರಿಂದ 50. ವಿಸ್ಕಿ ಲೆವೆಲ್ಲು. ಕುಡಿದು ಗಾಡಿ ಓಡ್ಸಬಾರ್ದು ಅಂತ ಅವಳು ಹೇಳಿದಾಗ ತಮಾಷೆ ಅಂದ್ಕೊಂಡಿದ್ದೆ.

ಇಲ್ಲೊಂದು ಎಡವಟ್ಟು ತಪ್ಪಿತು. ಭೇದಿಗೆ ಅಂತ ಊರಿಂದ ತಂದಿದ್ದ ಮೆಟ್ರೋನಿಡಜೋಲ್ ಮಾತ್ರೆನೂ ನುಂಗೋಣ ಅಂತ ಕೈಲಿ ಹಿಡ್ಕೊಂಡು, ಯಾವುದಕ್ಕೂ ಇರ್ಲಿ ಅಂತ ಶಿವಮೊಗ್ಗದಲ್ಲಿ ನರ್ಸ್ ಆಗಿರೋ ಅತ್ತಿಗೆಗೆ ವೀಚಾಟಲ್ಲಿ ಕಾಲ್ ಮಾಡ್ದೆ (ಅಲ್ಲಿ ವಾಟ್ಸ್ಯಾಪ್ ನಡಿಯಲ್ಲ, ನಮ್ಮಲ್ಲಿ ಆಗಿನ್ನೂ ವೀಚಾಟ್ ಬ್ಯಾನ್ ಆಗಿರ್ಲಿಲ್ಲ). ಆಲ್ಕೋಹಾಲ್ ಅಂದಿದ್ದೇ ತಡ ಅತ್ತಿಗೆ ಬೈದಿದ್ದು ಪಕ್ಕದ ರೂಮಿಗೂ ಕೇಳಿರ್ಬೇಕು. ಆ ಮಾತ್ರೆ ಮೇಲೆ ಆಲ್ಕೋಹಾಲ್ ಬಿದ್ರೆ ಮುಖ ಕೆಂಪಾಗಿ, ಎದೆ ಡವಡವ ಹೊಡ್ಕೊಂಡು, ವಾಂತಿ ಇನ್ನೂ ಜಾಸ್ತಿ ಆಗ್ಬೋದಂತೆ. "ಎರಡ್ರಲ್ಲಿ ಒಂದೂ ಬೇಡ, ಮೊದ್ಲು ಒಆರ್‌ಎಸ್ ಕುಡಿ ಮಾರಾಯ" ಅಂದ್ರು. ಮಾತ್ರೆ ವಾಪಸ್ ಬ್ಯಾಗಿಗೆ ಹಾಕ್ದೆ.

ಮಧ್ಯಾಹ್ನ ಸ್ವಲ್ಪ ಜೀವ ಬಂತು, ಅಷ್ಟಕ್ಕೇ ಸುಮ್ನಿರ್ಬೇಕಿತ್ತು. ಇದರಲ್ಲಿ ಇನ್ನೇನೇನಿದೆ ನೋಡೋಣ ಅಂತ ಡಬ್ಬಿನ ಫೋನಲ್ಲಿ ಸ್ಕ್ಯಾನ್ ಮಾಡಿ ಇಂಗ್ಲಿಷಿಗೆ ತಿರುಗಿಸಿದೆ. ಒಣಗಿಸಿದ ಕಿತ್ತಳೆ ಸಿಪ್ಪೆ, ಸರಿ. ಶುಂಠಿ ಹಾಕಿ ಪಾಕ ಮಾಡಿದ ಯಾವುದೋ ಮರದ ತೊಗಟೆ, ಸರಿ. ಜೇಷ್ಠಮಧು, ಅದೂ ನಮ್ಮದೇ. ನಡುವೆ ಒಂದು ಸಾಲು: ದೊಡ್ಡ ಹೊಟ್ಟೆ ಚರ್ಮ.

ಮತ್ತೊಂದ್ಸಲ ಸ್ಕ್ಯಾನ್ ಮಾಡ್ದೆ. ದೊಡ್ಡ ಹೊಟ್ಟೆ ಚರ್ಮ. ಯಾರ ಹೊಟ್ಟೆ? ಹಂದಿದೇ ಇರ್ಬೇಕು ಅಂತ ಮನಸ್ಸು ತೀರ್ಮಾನ ಮಾಡಿ ಆಗಿತ್ತು, ಇಷ್ಟು ದಿನ ಬರೀ ತೋಫು ತಿಂದ್ಕೊಂಡು ಕಾಪಾಡಿದ್ದು ಕೊನೆಗೆ ಔಷಧಿಲಿ ಹೋಯ್ತಲ್ಲ ಅಂತ ಹೊಟ್ಟೆ ಮತ್ತೆ ತೊಳೆಸೋಕೆ ಶುರುವಾಯ್ತು. ಆ ಹುಡುಗಿಗೆ ಫೋಟೋ ಕಳ್ಸಿ ಇದು ಯಾವ ಪ್ರಾಣಿದು ಅಂತ ಕೇಳ್ದೆ. ಅವಳು ನಗೋ ಎಮೋಜಿ ಒಂದು ಸಾಲು ಪೂರ್ತಿ ಹಾಕಿ, ಕೆಳಗೊಂದು ಫೋಟೋ ಕಳ್ಸಿದ್ಲು.

ಫೋಟೋ ನೋಡಿ ಎದ್ದು ಕೂತೆ. ಉದ್ದುದ್ದ ನಾರು, ದೋಣಿ ಥರ ಬಾಗಿರೋ ಅರ್ಧ ಹೋಳು, ಒಳಗಡೆ ನುಣ್ಣಗೆ ಗುಳಿ. ಅಡಿಕೆ ಸಿಪ್ಪೆ! ನಮ್ಮನೆ ಅಂಗಳದಲ್ಲಿ ಪ್ರತಿ ವರ್ಷ ಗುಡ್ಡೆ ಬೀಳೋ ಅದೇ ಅಡಿಕೆ ಸಿಪ್ಪೆ. ಅದಕ್ಕೆ ಚೀನಾದಲ್ಲಿ ದಾಫುಪಿ ಅಂತಾರೆ, ಅಕ್ಷರಶಃ ದೊಡ್ಡ ಹೊಟ್ಟೆ ಸಿಪ್ಪೆ, ಹೊಟ್ಟೆ ಉಬ್ಬರ ಇಳಿಸೋಕೆ, ಮೈಲಿ ನೀರು ತುಂಬಿದ್ರೆ ಹೊರಗೆ ಹಾಕ್ಸೋಕೆ ಕೊಡ್ತಾರೆ. ಆ ಹುಡುಗಿ ಊರು ಹುನಾನ್ ಪ್ರಾಂತ್ಯ, ಅಲ್ಲಂತೂ ಹೈನಾನ್ ದ್ವೀಪದಿಂದ ಬರೋ ಎಳೆ ಅಡಿಕೆನ ಸಿಪ್ಪೆ ಸಮೇತ ಒಣಗಿಸಿ ಜಗಿಯೋದೇ ಚಟ. ನಾವು ಸಿಪ್ಪೆ ಬಿಸಾಕಿ ಅಡಿಕೆ ಜಗಿದ್ರೆ ಅವರು ಸಿಪ್ಪೆನೇ ಜಗೀತಾರೆ.

ಅಪ್ಪಂಗೆ ಕಾಲ್ ಮಾಡ್ದೆ. ಅಲ್ಲಿ ಜೋರು ಮಳೆ, ಅಡಿಕೆ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡ್ಸೋಕೆ ಮರ ಹತ್ತೋ ಕೊನೆಗೌಡ ಸಿಗ್ತಿಲ್ಲ ಅನ್ನೋ ತಲೆಬಿಸಿಲಿದ್ರು. ನನ್ನ ಭೇದಿ ಕಥೆ ಪೂರ್ತಿ ಕೇಳಿ ಅವರು ಕೇಳಿದ್ದು ಒಂದೇ ಪ್ರಶ್ನೆ, "ಕ್ವಿಂಟಾಲಿಗೆ ಎಷ್ಟಂತೆ ಅಲ್ಲಿ ಸಿಪ್ಪೆ?"

ಮಾರನೇ ದಿನ ಗಂಜಿ ಕುಡಿದು ಕೆಲಸಕ್ಕೆ ಹೋದೆ. ಆ ಔಷಧಿಂದ ಗುಣ ಆಯ್ತಾ ಅಂತ ಕೇಳಿದ್ರೆ ಎದೆ ಮುಟ್ಟಿ ಹೌದು ಅನ್ನಲಾರೆ, ಒಂದೇ ಬಾಟ್ಲಿ ಕುಡಿದಿದ್ದು, ಉಳಿದಿದ್ದೆಲ್ಲ ಒಆರ್‌ಎಸ್ಸು, ಇಂಥ ಭೇದಿ ಎಷ್ಟೋ ಸಲ ತಾನಾಗೇ ನಿಲ್ಲತ್ತೆ. ಹೊಟ್ಟೆ ಬಿಗಿದಿದ್ದು ಒಂದು ಗಂಟೇಲಿ ಸಡಿಲ ಆಗಿದ್ದಂತೂ ನಿಜ. ಆ ಹುಡುಗಿ ಮಾತ್ರ ಫ್ಯಾಕ್ಟರಿಲಿ ಎಲ್ರ ಹತ್ರನೂ ಇಂಡಿಯಾದೋನಿಗೆ ನಾನೇ ಗುಣ ಮಾಡಿದ್ದು ಅಂತ ಹೇಳ್ಕೊಂಡು ಓಡಾಡಿದ್ಲು, ಓಡಾಡ್ಲಿ ಬಿಡಿ.

ನವೆಂಬರಲ್ಲಿ ಅಡಿಕೆ ಗೊನೆ ಕೊಯ್ಲಿಗೆ ಊರಿಗೆ ಹೋದಾಗ ಉಳಿದ ಬಾಟ್ಲಿಲಿ ಒಂದನ್ನ ಅಪ್ಪಂಗೆ ಕೊಟ್ಟೆ. ಮುಚ್ಚಳ ತೆಗೆದು ಮೂಸಿದ್ರು, ಅಡಿಕೆ ಸುಲೀತಾ ಕೂತಿದ್ದ ಹೆಂಗಸರ ಮೂಗಿಗೂ ಒಂದು ಸುತ್ತು ಹಿಡಿದ್ರು. "ಈ ಸಿಪ್ಪೆನ ಚೀನಾದೋರು ಕಷಾಯ ಮಾಡಿ ಕುಡಿತಾರಂತೆ ಕಣ್ರೇ" ಅಂದ್ರು. ಮೆಟ್ಟುಗತ್ತಿ ಮೇಲಿಂದ ಕೈ ತೆಗೀದೇನೇ ಒಬ್ಬಾಕೆ, "ನಮ್ಮನೆ ದನ ಸೈತ ಮೂಸಲ್ಲ ಅಯ್ಯ ಇದ್ನ" ಅಂದ್ಲು. ಸಂಜೆ ಅಪ್ಪ ಆ ಸಿಪ್ಪೆನೆಲ್ಲ ಬುಟ್ಟಿ ತುಂಬಿಸಿ, ಕೆಸರಾಗಿದ್ದ ತೋಟದ ದಾರಿಗೆ ಸುರಿಸಿದ್ರು.