ಮುಳ್ಳಿಲ್ಲದ ಗಡಿಯಾರದ ಪಕ್ಕದಲ್ಲಿ

ಓಸ್ಲೋದಲ್ಲಿರುವ ಮಗಳು ಅಂದು ಬೆಳಿಗ್ಗೆ ನನ್ನನ್ನು ನಾರ್ವೆಯ ಚಿತ್ರಕಾರ ಎಡ್ವರ್ಡ್ ಮುಂಕ್ ಹೆಸರಿನ ವಸ್ತುಸಂಗ್ರಹಾಲಯದ ಬಾಗಿಲಲ್ಲಿ ಬಿಟ್ಟು ಕೆಲಸಕ್ಕೆ ಹೊರಟಳು. "ಅಪ್ಪಾ, ‘ಸ್ಕ್ರೀಮ್’ ನೋಡದೆ ಬರಬೇಡ" ಎಂದು ಎರಡು ಸಲ ಹೇಳಿದಳು.

ಕತ್ತಲ ಕೋಣೆಯೊಂದರಲ್ಲಿ ಚೀರುವ ಮುಖದ ಆ ಹೆಸರಾಂತ ಚಿತ್ರದ ಮೂರು ರೂಪಗಳಿವೆ. ಬೆಳಕು ತಾಗಿದರೆ ಹಾಳಾಗುವಂಥವು; ಹಾಗಾಗಿ ಸರದಿಯಂತೆ ಒಂದೊಂದನ್ನೇ ತೆರೆಯುತ್ತಾರೆ. ನಾನು ಹೋದಾಗ ತೆರೆದಿದ್ದುದು ಕಪ್ಪು ಬಿಳುಪಿನ ಶಿಲಾಮುದ್ರಣ. ಅದರ ಮುಂದೆ ಮೊಬೈಲುಗಳ ಕಾಡು. ಬಣ್ಣದ್ದು ತೆರೆಯುವವರೆಗೆ ಕಾಲ ಕಳೆಯೋಣವೆಂದು ಹೊರಬಂದೆ.

ಸುತ್ತಾಡುತ್ತಿದ್ದಾಗ ಹೆಚ್ಚುಕಡಿಮೆ ಆಳೆತ್ತರದ ಚಿತ್ರವೊಂದು ಎದುರಾಯಿತು. ‘ಗಡಿಯಾರ ಮತ್ತು ಹಾಸಿಗೆಯ ನಡುವೆ ಸ್ವಚಿತ್ರ’. 1940ರಿಂದ 1943ರವರೆಗೆ ಬರೆದದ್ದು. ಮುಂಕ್ ತೀರಿಕೊಂಡದ್ದು 1944ರ ಜನವರಿಯಲ್ಲಿ, ಎಂಬತ್ತನೆಯ ವಯಸ್ಸಿನಲ್ಲಿ. ಎಡಕ್ಕೆ ನಿಲುವು ಗಡಿಯಾರ. ಅದರ ಮುಖದಲ್ಲಿ ಮುಳ್ಳೂ ಇಲ್ಲ, ಅಂಕಿಯೂ ಇಲ್ಲ. ಬಲಕ್ಕೆ ಹಾಸಿಗೆ, ಅದರ ಮೇಲೆ ಕೆಂಪು ಕಪ್ಪು ಗೆರೆಗಳ ಹೊದಿಕೆ. ಹಿಂದೆ ಹಳದಿ ಬೆಳಕಿನ ಕೋಣೆ, ಗೋಡೆ ತುಂಬ ಅವನವೇ ಚಿತ್ರಗಳು. ನಡುವೆ ಮುದುಕ.

ಗಡಿಯಾರವೆಂದರೆ ಕಾಲ, ಹಾಸಿಗೆಯೆಂದರೆ ಸಾವು ಎಂದು ಯಾರು ಬೇಕಾದರೂ ಹೇಳಿಯಾರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಕೈಗಳು. ಎರಡೂ ಪಕ್ಕದಲ್ಲಿ ಸುಮ್ಮನೆ ಇಳಿಬಿದ್ದಿವೆ. ಕುಂಚವಿಲ್ಲ, ಕೋಲಿಲ್ಲ. ಫೋಟೊ ತೆಗೆಯುವವನು "ಅಲ್ಲಾಡಬೇಡಿ" ಎಂದಾಗ ಹಳ್ಳಿಯ ಹಿರಿಯರು ನಿಲ್ಲುತ್ತಿದ್ದರಲ್ಲ, ಹಾಗೆ.

ಐದು ತುಂಬಿದ ತಿಂಗಳಲ್ಲೇ ತಾಯಿಯನ್ನು, ಹದಿಮೂರರಲ್ಲಿ ಅಕ್ಕನನ್ನು ಕ್ಷಯಕ್ಕೆ ಕಳೆದುಕೊಂಡವನು ಈತ. ರೋಗಿಯ ಹಾಸಿಗೆಯನ್ನು ಬದುಕಿಡೀ ಬರೆದ. ಅಕ್ಕನ ಕೊನೆಯ ದಿನಗಳ ಚಿತ್ರವನ್ನೇ ನಲವತ್ತು ವರ್ಷಗಳಲ್ಲಿ ಆರು ಸಲ. ಈ ಹಾಸಿಗೆ ಮಾತ್ರ ಖಾಲಿ, ನೀಟಾಗಿ ಹೊದಿಸಿಟ್ಟದ್ದು. ಹೊರಗೆ ನಾರ್ವೆ ಜರ್ಮನರ ಕೈಯಲ್ಲಿತ್ತು. ಅವನ ಎಂಬತ್ತೆರಡು ಕೃತಿಗಳನ್ನು ನಾಜಿಗಳು 1937ರಲ್ಲೇ ‘ಕೆಟ್ಟ ಕಲೆ’ಯೆಂದು ತಮ್ಮ ದೇಶದ ಗೋಡೆಗಳಿಂದ ಕಿತ್ತಿದ್ದರು. ಇದಾವುದೂ ಚಿತ್ರದಲ್ಲಿಲ್ಲ. ಚೀರುವ ಮುಖವನ್ನು ಮೂವತ್ತರ ಆಸುಪಾಸಿನಲ್ಲಿ ಬರೆದವನು ಎಂಬತ್ತರ ಹೊಸ್ತಿಲಲ್ಲಿ ಬಾಯಿ ಮುಚ್ಚಿ ನಿಂತಿದ್ದಾನೆ. ನನಗೆ ಇದೇ ಹೆಚ್ಚಿನ ಧೈರ್ಯವೆನಿಸಿತು. ಚೀರುವುದಕ್ಕೂ ಒಂದು ವಯಸ್ಸಿರಬೇಕು.

ಎದುರಿನ ಬೆಂಚಿನಲ್ಲಿ ಕುಳಿತವನಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಬಣ್ಣದ ‘ಸ್ಕ್ರೀಮ್’ ತೆರೆದು, ಮುಚ್ಚಿಯೂ ಆಗಿತ್ತು.

ಸಂಜೆ ಕಡಲಂಚಿನಲ್ಲಿ ಮಗಳು ಫೋಟೊಕ್ಕೆ ನಿಲ್ಲಿಸಿದಳು.

"ಯಾಕಪ್ಪಾ ಹಾಗೆ ನಿಂತಿದ್ದೀಯ? ಕೈಯಾದರೂ ಜೇಬಿನಲ್ಲಿಟ್ಟುಕೋ."

"ಇರಲಿ ಬಿಡು, ಹೀಗೇ ತೆಗೆ" ಎಂದೆ.